ಗುಪ್ತ ಗ್ರಹ ಬರುತ್ತಂತೆ, ಮಗಳು ರಾತ್ರಿ ಮಲಗುತ್ತಿಲ್ಲ. ಏನು ಹೇಳಲಿ?

ಕೊಪ್ಪಳದ ಅಮ್ಮ
ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ನಿಬಿರು ಅನ್ನೋ ದೊಡ್ಡ ಗ್ರಹ ಸೂರ್ಯನ ಹಿಂದೆ ಅಡಗಿದೆಯಂತೆ. 3,600 ವರ್ಷಕ್ಕೊಮ್ಮೆ ಬರುತ್ತಂತೆ. ಈ ಸಲ ಭೂಮಿಗೆ ತೀರಾ ಹತ್ತಿರ ಬಂದು ಸಮುದ್ರ ಉಕ್ಕಿ, ನೆಲ ನಡುಗಿ ಎಲ್ಲ ಮುಗಿಯುತ್ತಂತೆ. ಕನ್ನಡದಲ್ಲೇ ಗಂಭೀರ ದನಿ, ಮೂಲೆಯಲ್ಲಿ ನಾಸಾ ಲಾಂಛನ ಬೇರೆ. ಎಂಟನೇ ಕ್ಲಾಸಿನ ಮಗಳು ಅದನ್ನು ನೋಡಿದಾಗಿನಿಂದ ರಾತ್ರಿ ಎದ್ದು ಕೂರುತ್ತಾಳೆ. "ಪರೀಕ್ಷೆಗೆ ಓದಿ ಏನು ಮಾಡಲಿ" ಅನ್ನುತ್ತಾಳೆ. ಓದು ತಪ್ಪಿಸುವ ನೆಪ ಅಂತ ಅವರಪ್ಪ. ನನಗೆ ಹಾಗನ್ನಿಸುವುದಿಲ್ಲ. "ಎಲ್ಲ ಸುಳ್ಳು, ಸುಮ್ನೆ ಮಲಗು" ಅಂದರೆ ಅವಳಿಗೆ ಸಾಲದು. ಯಾಕೆ ಸುಳ್ಳು ಅಂತ ಹೇಳಬೇಕು. ನಾನು ಓದಿದ್ದು ಕಾಮರ್ಸ್. ತಿಳಿದವರು ಸರಳವಾಗಿ ಹೇಳಿ.

ಗಣಿನಾಡು, ಬಳ್ಳಾರಿ
ಇನ್ನೊಂದು ಸೂರ್ಯ ಇರೋದು ನಮಗೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ರಾಯಚೂರಿನವರು ಮೂರನೆಯದೂ ಇದೆ ಅಂತಾರೆ.

ಬಿಸಿಲೂರು, ರಾಯಚೂರು
ಮೂರನೆಯದು ಇರೋದು ನಿಜ, ನಮ್ಮ ಮನೆ ತಾರಸಿ ಮೇಲೆಯೇ ಇದೆ.

ಅಮ್ಮನವರೇ, ಮಗಳಿಗೆ ಮೊದಲು ಈ ಕತೆಯ ಜಾತಕ ಹೇಳಿ. 1976ರಲ್ಲಿ ಜೆಕರಿಯಾ ಸಿಚಿನ್ ಎಂಬ ಲೇಖಕ ಒಂದು ಪುಸ್ತಕ ಬರೆದರು. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್ ಕಡೆಯ, ಹಳೆಯ ಮಣ್ಣಿನ ಹಲಗೆಗಳಲ್ಲಿ ಇನ್ನೊಂದು ಗ್ರಹದ ಸುದ್ದಿ ಇದೆ, ಅದು 3,600 ವರ್ಷಕ್ಕೊಂದು ಸುತ್ತು ಬರುತ್ತದೆ, ಅಲ್ಲಿಯವರು ಭೂಮಿಗೆ ಬಂದು ಹೋಗಿದ್ದರು ಎಂದರು. ಆ ಲಿಪಿ ಓದಬಲ್ಲ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಅಲ್ಲಿನ ಬ್ಯಾಬಿಲೋನಿನ ಬರಹಗಳಲ್ಲಿ ನಿಬಿರು ಅನ್ನುವುದು ಮರ್ದುಕ್ ದೇವರಿಗೆ ಸೇರಿದ್ದು, ಹೆಚ್ಚಾಗಿ ಗುರುಗ್ರಹಕ್ಕೆ ಹೊಂದುವಂಥದ್ದು. ಅವರಿಗೆ ಗೊತ್ತಿದ್ದದ್ದು ಬರಿಗಣ್ಣಿಗೆ ಕಾಣುವ ಐದೇ ಗ್ರಹ.

ಪ್ರಳಯವನ್ನು ಸೇರಿಸಿದ್ದು ಸಿಚಿನ್ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ನ್ಯಾನ್ಸಿ ಲೀಡರ್. ಅನ್ಯಗ್ರಹದವರು ತಮ್ಮೊಡನೆ ಮಾತಾಡುತ್ತಾರೆ ಎಂದು ಅವರು 1995ರಿಂದ ಹೇಳುತ್ತಾ ಬಂದರು. ಗ್ರಹ 2003ರ ಮೇ ತಿಂಗಳಲ್ಲಿ ಬರುತ್ತದೆ ಎಂದರು. ಮೇ ಬಂತು, ಗ್ರಹ ಬರಲಿಲ್ಲ. ಆಮೇಲೆ ಯಾರೋ ಅದನ್ನೇ ಮಾಯಾ ಜನರ ಪಂಚಾಂಗಕ್ಕೆ ಅಂಟಿಸಿ 2012ರ ಡಿಸೆಂಬರ್ 21 ಎಂದರು. ಆಮೇಲೆ ಡೇವಿಡ್ ಮೀಡ್ ಎಂಬವರು 2017ರ ಸೆಪ್ಟೆಂಬರ್ 23 ಎಂದರು. ಅದೂ ದಾಟಿತು, ಅಕ್ಟೋಬರ್ ಎಂದರು. ನಿಮಗೆ ಬಂದ ವಿಡಿಯೋ ಈ ಸಾಲಿನಲ್ಲಿ ಹೊಸದು, ಅಷ್ಟೇ.

ಕೊಪ್ಪಳದ ಅಮ್ಮ
ಇದನ್ನು ಓದಿ ಹೇಳಿದೆ. ಅವಳ ಪ್ರಶ್ನೆ: "ಸೂರ್ಯನ ಹಿಂದೆ ಇದ್ದರೆ ಕಾಣಲ್ಲ ಅಲ್ವಾ? ಕಾಣದೇ ಇರೋದನ್ನು ಇಲ್ಲ ಅಂತ ಹೇಗೆ ಹೇಳ್ತಾರೆ?"

ಬಿಸಿಲೂರು, ರಾಯಚೂರು
ಒಳ್ಳೆಯ ಪ್ರಶ್ನೆ. ಭೂಮಿ ಸುಮ್ಮನೆ ನಿಂತಿಲ್ಲ, ಸೂರ್ಯನನ್ನು ಸುತ್ತುತ್ತಿದೆ. ಗುಡಿಗೆ ಪ್ರದಕ್ಷಿಣೆ ಹಾಕುವವರ ಕಣ್ಣಿಗೆ ಬೀಳದ ಹಾಗೆ ಗುಡಿಯ ಹಿಂದೆ ಒಬ್ಬ ಎಷ್ಟು ಹೊತ್ತು ನಿಲ್ಲಬಹುದು? ನಾವು ಸುತ್ತಿದಷ್ಟೇ ವೇಗದಲ್ಲಿ ಅವನೂ ಎದುರುಗಡೆ ಸುತ್ತುತ್ತಲೇ ಇರಬೇಕು. ದೂರದಿಂದ ನಮ್ಮ ಕಡೆಗೆ ಬರುವ ಗ್ರಹಕ್ಕೆ ಅದು ಸಾಧ್ಯವಿಲ್ಲ. ಆರು ತಿಂಗಳಲ್ಲಿ ನಾವು ಆ ಕಡೆಗೆ ಹೋಗಿರುತ್ತೇವೆ.

ಇನ್ನು ಲೆಕ್ಕ. ಎಂಟನೇ ಕ್ಲಾಸಿನವಳು ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದು. ಸುತ್ತಿಗೆ ಎಷ್ಟು ವರ್ಷ ಅನ್ನುವುದರ ವರ್ಗ, ಸೂರ್ಯನಿಂದ ಸರಾಸರಿ ದೂರದ ಘನಕ್ಕೆ ಸಮ. ಇದು ಕೆಪ್ಲರ್ ಕೊಟ್ಟ ನಿಯಮ. ದೂರವನ್ನು ಭೂಮಿ-ಸೂರ್ಯರ ನಡುವಿನ ಅಂತರದಲ್ಲಿ ಅಳೆಯಬೇಕು. 3,600ರ ವರ್ಗ 1,29,60,000. ಅದರ ಘನಮೂಲ ಸುಮಾರು 235. ಅಂದರೆ ಸರಾಸರಿ ದೂರ 235 ಪಟ್ಟು. ಇತ್ತ ತುದಿ ನಮ್ಮ ಹತ್ತಿರ ಬರಬೇಕಾದರೆ ಅತ್ತ ತುದಿ 470 ಪಟ್ಟು ದೂರ ಹೋಗಬೇಕು. ನೆಪ್ಚೂನ್ ಇರುವುದು 30ರಲ್ಲಿ. ಇಷ್ಟು ಉದ್ದದ ಹಾದಿ ಹಿಡಿದು ಒಂದು ದೊಡ್ಡ ಗ್ರಹ ಪ್ರತಿ ಸಲ ಗುರು, ಶನಿಗಳನ್ನು ದಾಟಿ ಒಳಗೆ ನುಗ್ಗಿದರೆ ಅದರ ದಾರಿ ಅದೇ ಆಗಿ ಉಳಿಯುವುದಿಲ್ಲ. ಸೌರವ್ಯೂಹಕ್ಕೆ ಸುಮಾರು 450 ಕೋಟಿ ವರ್ಷ. 3,600ರಿಂದ ಭಾಗಿಸಿ: ಹನ್ನೆರಡೂವರೆ ಲಕ್ಷ ಸಲ ಬಂದು ಹೋಗಿರಬೇಕು! ಅಷ್ಟು ಸಲ ನುಗ್ಗಿದ್ದರೆ ಭೂಮಿಯ ಹಾದಿ ಹೀಗೆ ಹೆಚ್ಚುಕಡಿಮೆ ವೃತ್ತವಾಗಿ ಇರುತ್ತಿರಲಿಲ್ಲ. ಚಂದ್ರ ನಮ್ಮ ಜೊತೆ ಇರುತ್ತಿದ್ದನೋ ಇಲ್ಲವೋ.

ಅದು ಬಿಡಿ. ಒಂದೆರಡು ವರ್ಷದಲ್ಲಿ ಬರುವ ದೊಡ್ಡ ಗ್ರಹ ಈಗಾಗಲೇ ಗುರು-ಶನಿಗಳ ಆಸುಪಾಸಿನಲ್ಲಿ ಇರಬೇಕು. ಗುರು-ಶನಿಗಳನ್ನು ನಾವು ಹೊಲದಲ್ಲಿ ನಿಂತು ಬರಿಗಣ್ಣಿನಲ್ಲಿ ನೋಡುತ್ತೇವೆ. ಇದೂ ಕಾಣಬೇಕು ಅಲ್ವಾ?

ಸತ್ಯ ಹುಡುಕಾಟ
ತಾರೀಖು ತಪ್ಪಿದರೆ ಗ್ರಹವೇ ಇಲ್ಲ ಅಂತ ಆಗುವುದಿಲ್ಲ. 1983ರಲ್ಲಿ ನಾಸಾ ಉಪಗ್ರಹ ಇದನ್ನು ಕಂಡಿತ್ತು, ಅಮೆರಿಕದ ದೊಡ್ಡ ಪತ್ರಿಕೆಯಲ್ಲೇ ಬಂತು, ಆಮೇಲೆ ಮುಚ್ಚಿ ಹಾಕಿದರು. ದಕ್ಷಿಣ ಧ್ರುವದ ಕಡೆಯಿಂದ ಬರುತ್ತಿದೆ, ಅದಕ್ಕೇ ನಮಗೆ ಕಾಣಲ್ಲ. ನಮ್ಮ ಕಲಿಯುಗ 4,32,000 ವರ್ಷ. ಅದು 3,600ರ 120 ಪಟ್ಟು. ಬ್ಯಾಬಿಲೋನಿನವರ ಪ್ರವಾಹಕ್ಕೆ ಮೊದಲಿನ ರಾಜರ ಕಾಲವೂ 4,32,000 ವರ್ಷ. ಇದು ಕಾಕತಾಳೀಯವೇ?

ತುಂಗಭದ್ರಾ ದಡ, ಮುನಿರಾಬಾದ್
ನಾನು ಯಾವ ಪಕ್ಷವೂ ಅಲ್ಲ. ಆದರೆ ನಿನ್ನೆ ಸಂಜೆ ಡ್ಯಾಂ ಹತ್ತಿರ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಸೂರ್ಯನ ಕೆಳಗೆ ಇನ್ನೊಂದು ದುಂಡನೆಯ ಹಸಿರು ಚುಕ್ಕೆ ಇದೆ. ಕಣ್ಣಿಗೆ ಕಂಡಿರಲಿಲ್ಲ. ಗುಂಪಿನಲ್ಲಿ ಹಾಕಿದೆ, ಎಲ್ಲರೂ ನಿಬಿರು ಅಂತಿದ್ದಾರೆ. ಏನಿದು?

ಬಿಸಿಲೂರು, ರಾಯಚೂರು
ಮುನಿರಾಬಾದಿನವರೇ, ಅದು ನಿಮ್ಮ ಫೋನಿನೊಳಗೇ ಇದೆ. ಕ್ಯಾಮೆರಾದ ಗಾಜಿನ ಪದರಗಳ ನಡುವೆ ಜೋರು ಬೆಳಕು ಪುಟಿದಾಗ ಹೀಗೆ ಚುಕ್ಕೆ ಮೂಡುತ್ತದೆ. ನನ್ನ ಮಾತು ನಂಬಬೇಡಿ, ಇವತ್ತು ಸಂಜೆ ನೀವೇ ನೋಡಿ. ಫೋನನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ, ಚುಕ್ಕೆ ಏನು ಮಾಡುತ್ತದೆ ಗಮನಿಸಿ. ಸಾಮಾನ್ಯವಾಗಿ ಅದು ಫೋಟೋದ ಮಧ್ಯಬಿಂದುವಿನಿಂದ ಸೂರ್ಯನಿಗೆ ಸರಿಯಾಗಿ ಎದುರು ಬದಿಯಲ್ಲಿ ನಿಲ್ಲುತ್ತದೆ. ಆಮೇಲೆ ಕರೆಂಟ್ ಕಂಬದ ಮರೆಗೆ ನಿಂತು ಸೂರ್ಯ ಮಾತ್ರ ಮುಚ್ಚುವ ಹಾಗೆ ಹಿಡಿಯಿರಿ. ಆಕಾಶದಲ್ಲಿ ಇರುವ ವಸ್ತುವಾದರೆ ಚುಕ್ಕೆ ಉಳಿಯಬೇಕು. ಸೂರ್ಯನನ್ನು ಬರಿಗಣ್ಣಿನಲ್ಲಿ ನೇರ ದಿಟ್ಟಿಸಬೇಡಿ, ಪರದೆ ಮಾತ್ರ ನೋಡಿ.

ಸತ್ಯ ಹುಡುಕಾಟ ಅವರಿಗೆ ರಾತ್ರಿ ಬರೆಯುತ್ತೇನೆ. ಡ್ಯೂಟಿ ಇದೆ.

ಪಂಚಾಂಗ ಪ್ರಿಯ, ಗಂಗಾವತಿ
ಕಲಿಯುಗದ ಮಾತು ಬಂತು, ಹಾಗಾಗಿ ನಾನು. ನಾನು ದೇವರನ್ನು ನಂಬುವವನು, ಪಂಚಾಂಗ ನೋಡದೆ ಮನೆಯಲ್ಲಿ ಏನೂ ಶುರು ಮಾಡುವುದಿಲ್ಲ. ಆದರೆ ಈ ವಿಡಿಯೋದವರ ಮೇಲೆ ನನಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು. ನಮ್ಮ ಲೆಕ್ಕದಲ್ಲಿ ಕಲಿಯುಗ ಶುರುವಾಗಿದ್ದು ಕ್ರಿ.ಪೂ. 3102ರಲ್ಲಿ. ಕಳೆದಿರುವುದು 5,100 ಚಿಲ್ಲರೆ ವರ್ಷ. ಇನ್ನೂ 4,26,000ಕ್ಕೂ ಹೆಚ್ಚು ವರ್ಷ ಬಾಕಿ ಇದೆ. ಶಾಸ್ತ್ರ ಹೇಳುತ್ತದೆ ಅಂತ ಹೆದರಿಸುವವರು ಮೊದಲು ಶಾಸ್ತ್ರದ ಕಳೆಯುವ ಲೆಕ್ಕ ಕಲಿಯಲಿ.

ಹಾಗೆಂದು ನಮ್ಮ ಕಡೆಯವರೂ ಸಾಚಾ ಅಲ್ಲ ಬಿಡಿ. 1962ರ ಫೆಬ್ರವರಿ ಮೊದಲ ವಾರ ಅಷ್ಟಗ್ರಹ ಕೂಟ ಆಯಿತು. ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿ, ಜೊತೆಗೆ ಕೇತು, ಎಲ್ಲ ಮಕರದಲ್ಲಿ. ಲೋಕ ಮುಳುಗುತ್ತದೆ ಅಂತ ದೇಶದ ತುಂಬ ಹೋಮ, ಭಜನೆ. ನಮ್ಮ ತಂದೆ ಹೇಳುತ್ತಿದ್ದರು: ಊರಿನಲ್ಲಿ ಕೆಲವರು ಇರೋ ಕೋಳಿ ಕುರಿಯನ್ನೆಲ್ಲ ಕೊಯ್ದು ಉಂಡರಂತೆ, ಇನ್ನು ಯಾರಿಗೆ ಉಳಿಸೋದು ಅಂತ. ವಾರ ಕಳೆದ ಮೇಲೆ ಸಾಲದವರು ಬಾಗಿಲಿಗೆ ಬಂದರು.

ಗಣಿನಾಡು, ಬಳ್ಳಾರಿ
ಸಾಲದವರಿಗೆ ಯಾವ ಗ್ರಹವೂ ಅಡ್ಡ ಬರಲ್ಲ.

ಹೊಳಲು ಬಸ್
ಕಾರ್ಣಿಕವನ್ನೂ ಇದೇ ಸಾಲಿಗೆ ಹಾಕಬೇಕು. ಮೈಲಾರದಲ್ಲಿ ಗೊರವಪ್ಪ ಬಿಲ್ಲೇರಿ ಒಂದು ಸಾಲು ಹೇಳುತ್ತಾರೆ, ಟಿವಿಯವರು ಅದನ್ನು ಸರ್ಕಾರಕ್ಕೂ ಚುನಾವಣೆಗೂ ಹೊಂದಿಸುತ್ತಾರೆ.

ಪಂಚಾಂಗ ಪ್ರಿಯ, ಗಂಗಾವತಿ
ಒಪ್ಪುವುದಿಲ್ಲ. ಕಾರ್ಣಿಕ ಕೇಳಲು ಬರುವವರಿಗೆ ಮಳೆ ಬೆಳೆಯ ಚಿಂತೆ. ಅಲ್ಲಿ ಯಾರೂ ಮಕ್ಕಳ ನಿದ್ದೆ ಕೆಡಿಸುವುದಿಲ್ಲ. ಟಿವಿಯವರು ಮಾಡುವುದಕ್ಕೆ ಮೈಲಾರಲಿಂಗನ ಮೇಲೆ ತಪ್ಪು ಹಾಕಬೇಡಿ.

ಹೊಳಲು ಬಸ್
ಯಾವ ಅರ್ಥಕ್ಕೂ ಹೊಂದುವ ಮಾತು ಯಾವತ್ತೂ ಸುಳ್ಳಾಗಲ್ಲ ಅನ್ನೋದಷ್ಟೇ ನನ್ನ ಮಾತು. ಜಗಳ ಬೇಡ, ಜಾತ್ರೆಗೆ ನಾನೂ ಹೋಗುತ್ತೇನೆ.

ಕುಡತಿನಿ ಹುಡುಗ
ನನ್ನದೊಂದು ಅನುಮಾನ. ನಮ್ಮ ಊರಿನ ಬೂದಿ ದಿಬ್ಬ ಗೊತ್ತಲ್ಲ. ಅಗೆದರೆ ಬೂದಿ, ನಡುನಡುವೆ ಕರಗಿ ಗಾಜಿನಂತಾದ ಗಟ್ಟಿ. ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ ಹಿರಿಯರು ಹೇಳುತ್ತಾರೆ. ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯದ್ದಂತೆ. ಈಗ ಒಂದು ಚಾನಲ್‌ನವರು ಇವೆಲ್ಲ ನಿಬಿರು ಹಿಂದಿನ ಸಲ ಬಂದಾಗ ಆಕಾಶದಿಂದ ಬಿದ್ದ ಬೆಂಕಿಯ ಗುರುತು ಅನ್ನುತ್ತಿದ್ದಾರೆ. ಮಣ್ಣು ಕರಗಬೇಕಾದರೆ ಎಷ್ಟು ಶಾಖ ಬೇಕು ಅಲ್ವಾ?

ನಿವೃತ್ತ ಮೇಷ್ಟ್ರು, ಸಿಂಧನೂರು
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಇದು ನನ್ನ ಇಷ್ಟದ ವಿಷಯ, ಉದ್ದವಾದರೆ ಸಹಿಸಿ.

ಕುಡತಿನಿ ದಿಬ್ಬದ ಬಗ್ಗೆ 1830, 40ರ ದಶಕದಲ್ಲೇ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಬರೆದಿದ್ದರು. ಆಗ ಜ್ವಾಲಾಮುಖಿ ಇರಬಹುದೇ, ಕಬ್ಬಿಣ ಕರಗಿಸಿದ ಜಾಗವೇ, ಯುದ್ಧದಲ್ಲಿ ಸತ್ತವರನ್ನು ಸುಟ್ಟದ್ದೇ ಅಂತೆಲ್ಲ ಊಹೆಗಳಿದ್ದವು. ರಾಬರ್ಟ್ ಬ್ರೂಸ್ ಫೂಟ್ ಬಂದು ನೋಡಿ, ಇದು ಸುಟ್ಟ ಸಗಣಿ ಎಂದರು. ಬಹಳ ಜನ ನಂಬಲಿಲ್ಲ. ಗುಡ್ಡದಷ್ಟು ಸಗಣಿಯೇ ಅಂತ ನಕ್ಕಿರಬೇಕು.

1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಕೃಷ್ಣೆಯ ಆಚೆ, ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬವನ್ನು ಅಗೆದರು. ಒಳಗೆ ದನಗಳ ಗೊರಸಿನ ಗುರುತು ಸಿಕ್ಕಿತು. ಸುತ್ತ ಬೇಲಿ ನೆಟ್ಟಿದ್ದ ಕಂಬದ ಕುಳಿಗಳು ಸಿಕ್ಕವು. ಅದು ದೊಡ್ಡಿ! ಸಗಣಿ ತುಂಬಿತು, ಸುಟ್ಟರು, ಮತ್ತೆ ದನ ಕಟ್ಟಿದರು, ಮತ್ತೆ ತುಂಬಿತು, ಮತ್ತೆ ಸುಟ್ಟರು. ಪದರದ ಮೇಲೆ ಪದರ. ಮುಂದೆ 1990ರ ದಶಕದಲ್ಲಿ ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ಬೂದಿಯ ಪಕ್ಕದಲ್ಲೇ ಜನ ವಾಸ ಮಾಡಿದ ಜಾಗವೂ ಸಿಕ್ಕಿತು. ಇವರು ನಮ್ಮ ಈ ಸೀಮೆಯ ಮೊದಲ ದನಗಾಹಿಗಳು, ಹೊಸ ಶಿಲಾಯುಗದವರು.

ಗಾಜಿನ ಗಟ್ಟಿ ಹೇಗೆ ಬಂತು? ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ದನ ಹುಲ್ಲು ತಿನ್ನುತ್ತದೆ, ಸಿಲಿಕಾ ಸಗಣಿಗೆ ಬರುತ್ತದೆ. ಬೂದಿಯಲ್ಲಿರುವ ಕ್ಷಾರ ಅದನ್ನು ಬೇಗ ಕರಗಿಸುತ್ತದೆ. ದೊಡ್ಡ ರಾಶಿ ದಿನಗಟ್ಟಲೆ ಒಳಗೊಳಗೇ ಉರಿದರೆ ಕರಗಿ ಗಟ್ಟಿಯಾಗುತ್ತದೆ. ಆಕಾಶದ ಬೆಂಕಿ ಬೇಕಾಗಿಲ್ಲ.

ಮುಖ್ಯವಾದದ್ದು ಕಾಲ. ಈ ದಿಬ್ಬಗಳು ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ, ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಬೆಳೆದವು. ಒಂದೇ ದಿನ ಆಕಾಶದಿಂದ ಬೆಂಕಿ ಬಿದ್ದಿದ್ದರೆ ಎಲ್ಲ ಕಡೆ ಒಂದೇ ಕಾಲದ, ಒಂದೇ ಪದರ ಇರಬೇಕಿತ್ತು. ನಿಜವಾಗಿ ಆಕಾಶದಿಂದ ಬಿದ್ದದ್ದರ ಗುರುತು ಹಾಗೇ ಇದೆ. 6 ಕೋಟಿ 60 ಲಕ್ಷ ವರ್ಷ ಹಿಂದೆ ದೊಡ್ಡ ಕ್ಷುದ್ರಗ್ರಹ ಬಿದ್ದಾಗ ಇರಿಡಿಯಂ ಲೋಹ ಹೆಚ್ಚಾಗಿರುವ ತೆಳು ಪದರವೊಂದು ಲೋಕದ ಎಷ್ಟೋ ದೇಶಗಳ ಬಂಡೆಯಲ್ಲಿ ಒಂದೇ ಮಟ್ಟದಲ್ಲಿ ಕೂತಿತು. 1980ರಲ್ಲಿ ಆಲ್ವರೆಜ್ ತಂದೆ-ಮಗ ತಮ್ಮ ಜೊತೆಗಾರರೊಡನೆ ಅದನ್ನು ತೋರಿಸಿದರು. ಕುಡತಿನಿಯಲ್ಲಿ ಇರುವುದು ಅದಲ್ಲ, ದನ ಕಾದವರ ನೂರಾರು ವರ್ಷದ ಬಾಳು. ಆ ಚಾನಲ್‌ನವರಿಗೆ ಇದು ಸಣ್ಣ ವಿಷಯವಾಗಿ ಕಂಡಿತೋ ಏನೋ.

ಕುಡತಿನಿ ಹುಡುಗ
ದನದ ಗೊರಸು ಗೊತ್ತಿರಲಿಲ್ಲ ಸರ್. ದಿಬ್ಬ ಉಳಿದಿರೋದೇ ಸ್ವಲ್ಪ. ಉಳಿದದ್ದನ್ನಾದರೂ ಸರಿಯಾಗಿ ನೋಡುತ್ತೇನೆ.

ಬಿಸಿಲೂರು, ರಾಯಚೂರು
ಡ್ಯೂಟಿ ಮುಗೀತು. ಸತ್ಯ ಹುಡುಕಾಟ ಅವರ ಮಾತಿಗೆ.

1983: ಆ ಉಪಗ್ರಹದ ಹೆಸರು ಐರಾಸ್. ಶಾಖದ ಕಿರಣದಲ್ಲಿ ಆಕಾಶ ನೋಡುತ್ತಿತ್ತು. ಏನೆಂದು ಗೊತ್ತಾಗದ ಕೆಲವು ಚುಕ್ಕೆ ಸಿಕ್ಕವು, ಅದನ್ನು ವಿಜ್ಞಾನಿಗಳೇ ಪತ್ರಿಕೆಗೆ ಹೇಳಿದರು. ಮುಚ್ಚಿಡುವವರು ಪತ್ರಿಕೆಗೆ ಹೇಳುತ್ತಾರಾ? ಮುಂದೆ ಸರಿಯಾಗಿ ನೋಡಿದಾಗ ಅವು ದೂರದ ಗೆಲಾಕ್ಸಿಗಳು ಮತ್ತು ನಕ್ಷತ್ರಗಳ ನಡುವಿನ ದೂಳು ಎಂದು ತಿಳಿಯಿತು. ಆಮೇಲೆ ಇನ್ನೂ ಚುರುಕಾದ ವೈಸ್ ಎಂಬ ದೂರದರ್ಶಕ 2009ರ ಕೊನೆಗೆ ಹಾರಿತು. ಇಡೀ ಆಕಾಶವನ್ನು ಮತ್ತೆ ಮತ್ತೆ ನೋಡಿತು. 2014ರಲ್ಲಿ ಬಂದ ಫಲಿತಾಂಶ: ಭೂಮಿ-ಸೂರ್ಯ ಅಂತರದ 10,000 ಪಟ್ಟು ದೂರದವರೆಗೆ ಶನಿಯಷ್ಟು ದೊಡ್ಡದು ಯಾವುದೂ ಇಲ್ಲ, 26,000 ಪಟ್ಟಿನವರೆಗೆ ಗುರುವಿನಷ್ಟು ದೊಡ್ಡದೂ ಇಲ್ಲ.

ದಕ್ಷಿಣ: ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮಗೆ ಎಂದೂ ಕಾಣದ್ದು ದಕ್ಷಿಣ ಧ್ರುವಬಿಂದುವಿನ ಸುತ್ತ 16 ಡಿಗ್ರಿಯ ಚಿಕ್ಕ ಭಾಗ ಮಾತ್ರ. ಚಳಿಗಾಲದ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯ ನಕ್ಷತ್ರ ಢಾಳಾಗಿ ಕಾಣುತ್ತದೆ. ಅದು ಲಂಡನ್‌ನವರಿಗೆ ಯಾವತ್ತೂ ಕಾಣಲ್ಲ. ಇನ್ನು ಆಸ್ಟ್ರೇಲಿಯಾ, ಚಿಲಿ, ದಕ್ಷಿಣ ಆಫ್ರಿಕಾದಲ್ಲಿ ಜನ ಇಲ್ಲವೇ? ಕಣ್ಣು ಇಲ್ಲವೇ?

ಸರ್ಕಾರ ಮುಚ್ಚಿದೆ ಅನ್ನುವುದು. ಆಕಾಶ ನೋಡಲು ಲೈಸೆನ್ಸ್ ಬೇಡ ಸ್ವಾಮಿ. 2019ರ ಆಗಸ್ಟ್‌ನಲ್ಲಿ ಬೇರೆ ನಕ್ಷತ್ರದ ಕಡೆಯಿಂದ ಬಂದ ಧೂಮಕೇತುವನ್ನು ಮೊದಲು ಕಂಡದ್ದು ಗೆನ್ನಾಡಿ ಬೊರಿಸೊವ್ ಎಂಬ ಹವ್ಯಾಸಿ, ತಾನೇ ಕಟ್ಟಿದ 65 ಸೆಂಟಿಮೀಟರ್ ದೂರದರ್ಶಕದಲ್ಲಿ. ಇಂಥವರು ಸಾವಿರಾರು ಜನ ಇದ್ದಾರೆ. ಹೊಸದೊಂದು ಕಂಡರೆ ತಮ್ಮ ಹೆಸರು ಬರುತ್ತದೆ ಅಂತ ಕಾಯುತ್ತಿರುತ್ತಾರೆ. ಎಲ್ಲರ ಬಾಯಿ ಮುಚ್ಚಿಸಲು ಆಗುತ್ತದಾ?

ನಿಜವಾದ ಅಪಾಯ ಬಂದಾಗ ಏನು ಮಾಡುತ್ತಾರೆ ಅನ್ನುವುದನ್ನೂ ನೋಡಿದ್ದೇವೆ. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿ ಒಂದು ಕ್ಷುದ್ರಗ್ರಹ ಕಂಡಿತು. 2024 ವೈಆರ್4 ಅಂತ ಹೆಸರು. 2032ರ ಡಿಸೆಂಬರ್ 22ಕ್ಕೆ ಭೂಮಿಗೆ ಬಡಿಯಬಹುದಾದ ಸಾಧ್ಯತೆ 2025ರ ಫೆಬ್ರವರಿಯಲ್ಲಿ ಶೇಕಡ 3.1ರವರೆಗೆ ಏರಿತು. ಬೀಳಬಹುದಾದ ಪಟ್ಟಿಯಲ್ಲಿ ದಕ್ಷಿಣ ಏಷ್ಯಾವೂ ಇತ್ತು. ಎಲ್ಲವನ್ನೂ ದಿನದಿನದ ಲೆಕ್ಕದೊಂದಿಗೆ ಬಹಿರಂಗವಾಗಿ ಹಾಕಿದರು. ಹೆಚ್ಚು ಸಲ ಅಳೆದ ಮೇಲೆ ಭೂಮಿಗೆ ಅಪಾಯವಿಲ್ಲ ಎಂದು ತಿಳಿಯಿತು, ಅದನ್ನೂ ಹಾಕಿದರು. ಸುಮಾರು 60 ಮೀಟರ್ ಬಂಡೆಗೆ ಇಷ್ಟು. ಒಂದು ಇಡೀ ಗ್ರಹವನ್ನು ಯಾರು ಮುಚ್ಚಿಡುತ್ತಾರೆ?

ಸತ್ಯ ಹುಡುಕಾಟ
4,32,000ಕ್ಕೆ ಉತ್ತರ ಬರಲಿಲ್ಲ.

ಪಂಚಾಂಗ ಪ್ರಿಯ, ಗಂಗಾವತಿ
ಅದು ನನಗೆ ಬಿಡಿ. ಬ್ಯಾಬಿಲೋನಿನವರು 60ರ ಲೆಕ್ಕದವರು. ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು ಲೋಕಕ್ಕೆ ಬಂದದ್ದು ಅವರ ಕಡೆಯಿಂದ. 60ನ್ನು 60ರಿಂದ ಗುಣಿಸಿದರೆ 3,600. ಅವರ ಲೆಕ್ಕದಲ್ಲಿ ಅದಕ್ಕೊಂದು ಹೆಸರೇ ಇತ್ತು, ಸಾರ್ ಅಂತ. ನಾವು ನೂರು, ಸಾವಿರ ಅಂದ ಹಾಗೆ. ಅವರ ಹಳೆಯ ರಾಜರ ಕಾಲ 120 ಸಾರ್. ಸಿಚಿನ್ ಮಹಾಶಯರು ಇದನ್ನು ಗ್ರಹದ ಸುತ್ತು ಮಾಡಿದರು. 3,600ನ್ನು ಮತ್ತೆ 60ರಿಂದ ಗುಣಿಸಿ: 2,16,000. ಅದರ ಎರಡರಷ್ಟು 4,32,000. ನಮ್ಮಲ್ಲೂ ದಿನಕ್ಕೆ 60 ಗಳಿಗೆ, 60 ಸಂವತ್ಸರ. 60ರ ಲೆಕ್ಕ ಇಟ್ಟುಕೊಂಡವರು ದೊಡ್ಡ ಕಾಲ ಹೇಳಬೇಕಾದಾಗ ಇಂಥ ಸಂಖ್ಯೆಗಳೇ ಬರುತ್ತವೆ. ಲೆಕ್ಕದ ವಿದ್ಯೆ ಅಲ್ಲಿಂದ ಇಲ್ಲಿಗೆ ಹೋಗಿ ಬಂದೂ ಇರಬಹುದು, ವ್ಯಾಪಾರಿಗಳು ಓಡಾಡುತ್ತಿದ್ದರಲ್ಲ. ಗ್ರಹ ಓಡಾಡಬೇಕಾಗಿಲ್ಲ.

ತುಂಗಭದ್ರಾ ದಡ, ಮುನಿರಾಬಾದ್
ಸಂಜೆ ಮಾಡಿ ನೋಡಿದೆ. ಫೋನ್ ಎಡಕ್ಕೆ ತಿರುಗಿಸಿದರೆ ಚುಕ್ಕೆ ಓಡುತ್ತದೆ. ಕಂಬದ ಮರೆಗೆ ಹೋದ ಕೂಡಲೇ ಮಾಯ. ತಮ್ಮನ ಫೋನಿನಲ್ಲಿ ಚುಕ್ಕೆ ನೇರಳೆ ಬಣ್ಣ, ಜಾಗವೂ ಬೇರೆ. ಗುಂಪಿನಲ್ಲಿ ಈ ವಿಡಿಯೋವನ್ನೂ ಹಾಕಿದೆ. ಮೊದಲಿನದಕ್ಕೆ ಅಷ್ಟೊಂದು ಕೈಮುಗಿದ ಚಿಹ್ನೆ ಬಂದಿತ್ತು, ಇದಕ್ಕೆ ಯಾರೂ ಏನೂ ಹೇಳಲಿಲ್ಲ.

ನಿರ್ವಾಹಕರು
ಗ್ರಹದೋಷ ತಡೆಯುವ ತಾಮ್ರದ ಕವಚ ಮಾರಾಟಕ್ಕಿದೆ ಎಂಬ ಎರಡು ಪೋಸ್ಟ್ ತೆಗೆದಿದ್ದೇವೆ. ಫೋನ್ ನಂಬರ್ ಹಾಕಬೇಡಿ.

ಗಣಿನಾಡು, ಬಳ್ಳಾರಿ
ಲೋಕವೇ ಮುಗಿಯುವಾಗ ಆ ದುಡ್ಡು ಇಟ್ಟುಕೊಂಡು ಅವನೇನು ಮಾಡ್ತಾನೆ ಅಂತ ಕೇಳಬೇಕಿತ್ತು.

ಕೊಪ್ಪಳದ ಅಮ್ಮ
ಎಲ್ಲರಿಗೂ ಧನ್ಯವಾದ. ಘನಮೂಲದ ಲೆಕ್ಕ ಅವಳೇ ಮಾಡಿದಳು. 234.9 ಬಂತಂತೆ, 235 ಅಂದದ್ದು ಅಂದಾಜು ಅಂತ ನಿಮಗೆ ಹೇಳಬೇಕಂತೆ. ಈಗ ಹೊಸ ಪ್ರಶ್ನೆ. ವಿಜ್ಞಾನಿಗಳೇ ಒಂಬತ್ತನೇ ಗ್ರಹ ಹುಡುಕುತ್ತಿದ್ದಾರೆ ಅಂತ ಎಲ್ಲೋ ಓದಿದ್ದಾಳೆ. "ಹಾಗಾದರೆ ಅವರೂ ಸುಳ್ಳಾ?"

ಬಿಸಿಲೂರು, ರಾಯಚೂರು
ಅವಳಿಗೆ ನನ್ನ ನಮಸ್ಕಾರ ಹೇಳಿ.

ಸುಳ್ಳಲ್ಲ. ಕಾಣದ ಗ್ರಹ ಹುಡುಕುವುದು ಖಗೋಳದವರ ಹಳೆಯ ಚಟ. 1781ರಲ್ಲಿ ಹರ್ಷಲ್ ಯುರೇನಸ್ ಕಂಡರು. ಅದು ಲೆಕ್ಕದ ಹಾದಿಯಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಹೊರಗಿನಿಂದ ಏನೋ ಎಳೆಯುತ್ತಿದೆ ಎಂದು ಫ್ರಾನ್ಸಿನ ಲ ವೆರಿಯೇ ಕಾಗದದ ಮೇಲೆ ಲೆಕ್ಕ ಹಾಕಿ, ಇಂಥ ಜಾಗದಲ್ಲಿ ನೋಡಿ ಎಂದು ಬರ್ಲಿನ್‌ಗೆ ಬರೆದರು. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿನ ಗಾಲೆ ಎಂಬವರು ನೋಡಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯ ಒಳಗೇ ನೆಪ್ಚೂನ್ ಇತ್ತು! (ಮೀಡ್ ಪ್ರಳಯಕ್ಕೆ ಆರಿಸಿದ ತಾರೀಖೂ ಸೆಪ್ಟೆಂಬರ್ 23. ಅವರಿಗೆ ಗೊತ್ತಿತ್ತೋ ಇಲ್ಲವೋ.)

ಅದೇ ಲ ವೆರಿಯೇ 1859ರಲ್ಲಿ ಬುಧನ ನಡೆಯಲ್ಲೂ ವ್ಯತ್ಯಾಸ ಕಂಡರು. ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಎಂದರು, ವಲ್ಕನ್ ಅಂತ ಹೆಸರೂ ಬಂತು. ಕಂಡೆವು ಅಂದವರೂ ಇದ್ದರು. ಗ್ರಹಣದಿಂದ ಗ್ರಹಣಕ್ಕೆ ಹುಡುಕಿದರು. ಇರಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಹೊಸ ಗುರುತ್ವ ಸಿದ್ಧಾಂತ ತಂದಾಗ ಬುಧನ ನಡೆ ತಾನಾಗಿ ಸರಿಹೋಯಿತು. ವಲ್ಕನ್ ಅಲ್ಲಿಗೆ ಮುಗಿಯಿತು. ಆಮೇಲೆ ನೆಪ್ಚೂನ್‌ನ ಆಚೆ ಒಂದು ದೊಡ್ಡ ಗ್ರಹ ಇದೆ ಎಂದು ಲೊವೆಲ್ ಹುಡುಕಿಸಿದರು. 1930ರಲ್ಲಿ ಸಿಕ್ಕಿದ್ದು ಪುಟ್ಟ ಪ್ಲುಟೊ, ಲೆಕ್ಕಕ್ಕೆ ಸಾಲುವಷ್ಟು ದೊಡ್ಡದಲ್ಲ. 1989ರಲ್ಲಿ ವಾಯೇಜರ್ 2 ಎಂಬ ನೌಕೆ ನೆಪ್ಚೂನ್ ಹತ್ತಿರ ಹೋಗಿ ಅದರ ತೂಕ ಸರಿಯಾಗಿ ಅಳೆಯಿತು. ಆ ತೂಕ ಹಾಕಿ ನೋಡಿದರೆ ವ್ಯತ್ಯಾಸವೇ ಇರಲಿಲ್ಲ.

ಈಗಿನದು 2016ರ ಜನವರಿಯಲ್ಲಿ ಬತಿಗಿನ್ ಮತ್ತು ಮೈಕ್ ಬ್ರೌನ್ ಎಂಬ ಖಗೋಳ ವಿಜ್ಞಾನಿಗಳು ಹೇಳಿದ್ದು. ತೀರಾ ದೂರದ ಕೆಲವು ಚಿಕ್ಕ ಕಾಯಗಳ ಹಾದಿ ಒಂದೇ ಕಡೆ ವಾಲಿದೆ. ಭೂಮಿಯ ಐದರಿಂದ ಹತ್ತು ಪಟ್ಟು ತೂಕದ ಗ್ರಹವೊಂದು ಅವನ್ನು ಹಾಗೆ ಮಾಡಿರಬಹುದು. ಇರಬಹುದು ಅಷ್ಟೇ, ಇನ್ನೂ ಸಿಕ್ಕಿಲ್ಲ. ಆ ವಾಲುವಿಕೆಯೇ ನಮ್ಮ ಹುಡುಕಾಟದ ದೋಷ ಅನ್ನುವ ವಿಜ್ಞಾನಿಗಳೂ ಇದ್ದಾರೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರಲ್ಲಿ ಮೊದಲ ಚಿತ್ರ ಕೊಟ್ಟಿದೆ, ಅದು ಇದನ್ನು ತೀರ್ಮಾನಿಸಲು ನೆರವಾಗುತ್ತದೆ. ಆದರೆ ಅವರ ಲೆಕ್ಕದ ಗ್ರಹ ಹತ್ತಿರ ಬಂದಾಗಲೂ ಭೂಮಿ-ಸೂರ್ಯ ಅಂತರದ ಸುಮಾರು 200 ಪಟ್ಟು ದೂರದಲ್ಲೇ ಇರುತ್ತದೆ. ಅದು ಇದ್ದರೂ ನಮ್ಮ ನೆಲಕ್ಕೆ, ನೀರಿಗೆ ಏನೂ ಆಗಲ್ಲ. ಇಷ್ಟು ಸಾವಿರ ವರ್ಷ ಆಗಿಲ್ಲವಲ್ಲ.

ಸತ್ಯ ಹುಡುಕಾಟ
ನೋಡಿ, ವಿಜ್ಞಾನಿಗಳೂ ವಲ್ಕನ್ ಅಂತ ತಪ್ಪು ಹೇಳಿದ್ದರು. ನಾಳೆ ನಿಬಿರು ಇದೆ ಅಂತಲೂ ಒಪ್ಪಬಹುದು.

ಬಿಸಿಲೂರು, ರಾಯಚೂರು
ಒಪ್ಪಬಹುದು, ಕಂಡರೆ. ವಲ್ಕನ್ ಎಲ್ಲಿರಬೇಕು ಎಂದು ಹೇಳಿದರು, ನೋಡಿದರು, ಇರಲಿಲ್ಲ, ಬಿಟ್ಟರು. ನೀವೂ ಹೇಳಿ: ಇವತ್ತು ರಾತ್ರಿ ನಿಬಿರು ಯಾವ ರಾಶಿಯಲ್ಲಿ, ಯಾವ ನಕ್ಷತ್ರದ ಹತ್ತಿರ ಇದೆ? ನಾನು ತಾರಸಿ ಹತ್ತುತ್ತೇನೆ.

ಸತ್ಯ ಹುಡುಕಾಟ
ಅದು ಸಾಮಾನ್ಯರಿಗೆ ಕಾಣುವಂಥದ್ದಲ್ಲ.

ನಿವೃತ್ತ ಮೇಷ್ಟ್ರು, ಸಿಂಧನೂರು
ಆಕಾಶದ ಲೆಕ್ಕ ಎಷ್ಟು ಗಟ್ಟಿ ಅಂತ ನಾನು ಕಣ್ಣಾರೆ ಕಂಡವನು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ ನಮ್ಮ ಸೀಮೆಯ ಮೇಲೇ ಹಾದು ಹೋಯಿತು. ನಾನಾಗ ಹೈಸ್ಕೂಲು. ತಾರಾ ಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು. ನೆರಳು ಎಲ್ಲಿ, ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು ಎಷ್ಟೋ ಮೊದಲೇ ಗೊತ್ತಿದ್ದರಿಂದ ತಾನೇ ಅಷ್ಟು ಯಂತ್ರ ಹೊತ್ತು ಬಂದದ್ದು? ಮಧ್ಯಾಹ್ನ ಮೂರು ದಾಟಿದ ಮೇಲೆ ಹೇಳಿದ ಹೊತ್ತಿಗೆ ಕತ್ತಲಾಯಿತು. ಎರಡು ನಿಮಿಷಕ್ಕೂ ಜಾಸ್ತಿ. ದಾರಿ ತಪ್ಪಿಸುವ ದೊಡ್ಡ ಗ್ರಹ ಯಾವುದಾದರೂ ಒಳಗೆ ಬಂದಿದ್ದರೆ ಮೊದಲು ಕೆಡುವುದು ಇಂಥ ಗ್ರಹಣದ ಲೆಕ್ಕ. ಇವತ್ತಿಗೂ ಸೆಕೆಂಡಿಗೆ ಸೆಕೆಂಡು ಹೊಂದುತ್ತಿದೆ.

ಆದರೆ ಅವತ್ತು ಊರಿನವರು ಬಾಗಿಲು ಹಾಕಿಕೊಂಡು ಒಳಗೆ ಕೂತರು. ದೂರದೇಶದವರು ನೋಡಲು ಹಂಬಲಿಸುವಂಥದ್ದು ತಲೆಯ ಮೇಲೇ ಆಗುತ್ತಿತ್ತು. ಈಗಲೂ ಪೂರ್ತಿ ಬದಲಾಗಿಲ್ಲ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗುತ್ತದೆ ಅಂತ ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಸುದ್ದಿ ಓದಿ ಎರಡು ದಿನ ಊಟ ಸೇರಲಿಲ್ಲ. "ನಂಬಿದರೆ ಯಾರಿಗೇನು ನಷ್ಟ" ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಕೊಪ್ಪಳದ ಅಮ್ಮ
ನಮ್ಮ ಅತ್ತೆ ಗ್ರಹಣದ ದಿನ ತಾಂಬಾಳದಲ್ಲಿ ನೀರು ಹಾಕಿ ಒನಕೆ ನಿಲ್ಲಿಸುತ್ತಾರೆ. ನಿಲ್ಲುತ್ತದೆ, ನಾನೇ ನೋಡಿದ್ದೇನೆ. ಗ್ರಹಣ ಬಿಟ್ಟ ಮೇಲೆ ಬೀಳುತ್ತದೆ ಅನ್ನುತ್ತಾರೆ. ಅದೂ ಹಾಗೇನಾ?

ನಿವೃತ್ತ ಮೇಷ್ಟ್ರು, ಸಿಂಧನೂರು
ಗ್ರಹಣ ಇಲ್ಲದ ಮಂಗಳವಾರ ನಿಲ್ಲಿಸಿ ನೋಡಿ. ತಳ ಸಪಾಟಾಗಿದ್ದರೆ ನಿಲ್ಲುತ್ತದೆ. ಶಾಲೆಯಲ್ಲಿ ಮಕ್ಕಳ ಕೈಲಿ ಮಾಡಿಸುತ್ತಿದ್ದೆ. ಅತ್ತೆಯವರನ್ನೂ ಜೊತೆಗೆ ಕರೆದುಕೊಳ್ಳಿ, ಅವರ ಒನಕೆ, ಅವರೇ ನಿಲ್ಲಿಸಲಿ.

ಹೊಳಲು ಬಸ್
ಇನ್ನೊಂದು ಬಂದಿದೆ ನೋಡಿ. 2026ರ ಆಗಸ್ಟ್ 12ರಂದು ಭೂಮಿಯ ಗುರುತ್ವ ಏಳು ಸೆಕೆಂಡು ಹೋಗುತ್ತಂತೆ.

ಬಿಸಿಲೂರು, ರಾಯಚೂರು
ಗುರುತ್ವ ಇರುವುದು ಭೂಮಿಯ ದ್ರವ್ಯದಿಂದ. ದ್ರವ್ಯ ಏಳು ಸೆಕೆಂಡು ಎಲ್ಲಿಗೆ ಹೋಗಿ ಬರುತ್ತದೆ? ಆ ತಾರೀಖಿನ ಪೂರ್ಣ ಸೂರ್ಯಗ್ರಹಣ ಮಾತ್ರ ನಿಜ, ಐಸ್‌ಲ್ಯಾಂಡ್, ಸ್ಪೇನ್ ಕಡೆ. ನಮಗೆ ಆಗ ರಾತ್ರಿ. ಗ್ರಹಣ ಎಲ್ಲಿದೆಯೋ ಅಲ್ಲಿ ಇಂಥ ವಿಡಿಯೋ ಹುಟ್ಟುತ್ತದೆ.

ಕೊಪ್ಪಳದ ಅಮ್ಮ
ಒನಕೆ ಇವತ್ತೇ ನಿಂತಿತು. ಅತ್ತೆ "ಇದು ಒಳ್ಳೆ ಒನಕೆ, ಯಾವಾಗಲೂ ನಿಲ್ಲುತ್ತೆ" ಅಂದುಬಿಟ್ಟರು. ಮಗಳು ಕೇಳುತ್ತಿದ್ದಾಳೆ, ನೆಪ್ಚೂನ್ ನೋಡಬೇಕಾದರೆ ಎಷ್ಟು ದೊಡ್ಡ ದೂರದರ್ಶಕ ಬೇಕು?

ಬಿಸಿಲೂರು, ರಾಯಚೂರು
ಒಳ್ಳೆಯ ಬೈನಾಕ್ಯುಲರ್ ಸಾಕು. ಆದರೆ ಮಂಕು ಚುಕ್ಕಿ ಅಷ್ಟೇ ಕಾಣುತ್ತದೆ, ಪಕ್ಕದ ನಕ್ಷತ್ರಗಳ ನಡುವೆ ಅದೇ ಯಾವುದು ಎಂದು ತಿಳಿಯಲು ನಕ್ಷೆ ಬೇಕು. ಕೊಪ್ಪಳದ ಬೀದಿದೀಪದಿಂದ ದೂರ ಹೋಗಿ. ನಕ್ಷೆಯ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಗುರುವಿನಿಂದ ಶುರು ಮಾಡಲಿ. ಕೈ ಅಲುಗದ ಹಾಗೆ ಬೈನಾಕ್ಯುಲರನ್ನು ಗೋಡೆಗೆ ಒರಗಿಸಿ ಹಿಡಿದರೆ ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ. ಒಂದು ವಾರ ದಿನಾ ಅವುಗಳ ಜಾಗ ಬರೆದಿಡಲಿ. ಬೈನಾಕ್ಯುಲರ್ ಕೊಳ್ಳುವ ಮುಂಚೆ ಇಲ್ಲಿ ಕೇಳಿ, 10x50 ಅಂತ ಬರೆದಿರುವುದು ಸಾಕು, ದುಬಾರಿಯದು ಬೇಡ.